ಹೋಮ್ಸ್‌ಗಿಂತ ಮೊದಲೇ ಸಾಕ್ಷಿ ತೂಗಿದಾಕೆ

ಪತ್ತೇದಾರಿ ಸಾಹಿತ್ಯದ ವಂಶಾವಳಿ ಹೇಳುವವರು ಸಾಮಾನ್ಯವಾಗಿ ಎಡ್ಗರ್ ಅಲನ್ ಪೋನಿಂದ ಹೊರಟು, ಫ್ರಾನ್ಸಿನ ಎಮಿಲ್ ಗಬೋರಿಯೊನನ್ನು ಮುಟ್ಟಿದಂತೆ ಮಾಡಿ, ನೇರವಾಗಿ ಷರ್ಲಾಕ್ ಹೋಮ್ಸ್‌ನ ಬೇಕರ್ ಸ್ಟ್ರೀಟ್ ಮನೆಗೆ ಬಂದು ಕೂರುತ್ತಾರೆ. ಹೋಮ್ಸ್ ಓದುಗರ ಮುಂದೆ ಬಂದದ್ದು 1887ರಲ್ಲಿ. ಅದಕ್ಕೆ ಒಂಬತ್ತು ವರ್ಷ ಮೊದಲು, 1878ರಲ್ಲಿ, ನ್ಯೂಯಾರ್ಕಿನ ಪುಟ್ನಮ್ ಪ್ರಕಾಶನದಿಂದ 'ದಿ ಲೆವನ್‌ವರ್ತ್ ಕೇಸ್' ಎಂಬ ಕಾದಂಬರಿ ಹೊರಬಂದು ಭರ್ಜರಿಯಾಗಿ ಖರ್ಚಾಗಿತ್ತು. ಬರೆದಾಕೆ ಆನಾ ಕ್ಯಾಥರಿನ್ ಗ್ರೀನ್. 1846ರಲ್ಲಿ ಬ್ರೂಕ್ಲಿನ್‌ನಲ್ಲಿ ಹುಟ್ಟಿದ ಈ ವಕೀಲರ ಮಗಳಿಗೆ ಕವಿಯಾಗುವ ಹಂಬಲವಿತ್ತು. ಕವಿ ಎಮರ್ಸನ್ ಜೊತೆ ಪತ್ರವ್ಯವಹಾರವನ್ನೂ ನಡೆಸಿದ್ದಳು. ಇವತ್ತು ಆಕೆಯ ಹೆಸರು ಈ ವಿಷಯದ ವಿದ್ವಾಂಸರನ್ನು ಬಿಟ್ಟರೆ ಹೆಚ್ಚಿನವರಿಗೆ ಗೊತ್ತಿಲ್ಲ. ಕಾಲ ಸರಿದಂತೆ ಎಲ್ಲರನ್ನೂ ಮರೆಯುತ್ತೇವೆ ಎಂದು ಇದನ್ನು ತಳ್ಳಿಹಾಕಲಾಗದು. ಪತ್ತೇದಾರಿ ಕಥೆ ಎಂದರೆ ಪತ್ತೇದಾರನ ಚಮತ್ಕಾರ ಎಂದು ನಾವು ಒಪ್ಪಿಕೊಂಡುಬಿಟ್ಟಿದ್ದೇವೆ. ಗ್ರೀನ್ ಕೇಳಿದ ಪ್ರಶ್ನೆಯೇ ಬೇರೆ: ಈ ಸಾಕ್ಷಿ ನಿಲ್ಲುತ್ತದೆಯೇ?

ಆ ಕಾದಂಬರಿಯ ಪ್ರಕರಣವನ್ನೇ ನೋಡಿ. ನ್ಯೂಯಾರ್ಕಿನ ಸಿರಿವಂತ ಲೆವನ್‌ವರ್ತ್ ತನ್ನ ಮನೆಯ ಪುಸ್ತಕದ ಕೋಣೆಯಲ್ಲಿ ಗುಂಡೇಟಿನಿಂದ ಸತ್ತಿದ್ದಾನೆ. ರಾತ್ರಿಯಿಡೀ ಮನೆಗೆ ಒಳಗಿನಿಂದ ಬೀಗ. ಅಂದಮೇಲೆ ಕೊಂದವರು ಮನೆಯೊಳಗಿನವರೇ. ಗುಮಾನಿ ಅವನ ಸಹೋದರರ ಮಕ್ಕಳಾದ ಇಬ್ಬರು ಹುಡುಗಿಯರ ಮೇಲೆ, ಅದರಲ್ಲೂ ಎಲಿನೋರ್ ಮೇಲೆ ಬೀಳುತ್ತದೆ. ಪಿಸ್ತೂಲಿನ ಮಸಿ ಹತ್ತಿದ ಕರವಸ್ತ್ರ ಆಕೆಯದು. ಮುರಿದ ಬೀಗದಕೈಯನ್ನು ಅಗ್ಗಿಷ್ಟಿಕೆಯಲ್ಲಿ ಅಡಗಿಸಲು ಹೋಗಿ ಸಿಕ್ಕಿಬಿದ್ದವಳೂ ಆಕೆಯೇ. ಪೊಲೀಸರಿಗೆ ಇನ್ನೇನು ಬೇಕು? ಆದರೆ ಪತ್ತೇದಾರ ಎಬನೀಜರ್ ಗ್ರೈಸ್ ಅಲ್ಲೇ ತಡೆಯುತ್ತಾನೆ. ಗುಂಡು ಹಾರಿಸಿದ ಮೇಲೆ ಯಾರೋ ಪಿಸ್ತೂಲನ್ನು ಒರೆಸಿ, ಮತ್ತೆ ಗುಂಡು ತುಂಬಿ ಇಟ್ಟಿದ್ದಾರೆ. ಹೆಂಗಸು ಗುಂಡು ಹಾರಿಸಿಯಾಳು, ಹಾರಿಸಿದ ಪಿಸ್ತೂಲನ್ನು ಒರೆಸಿಡುವವಳಲ್ಲ ಎಂಬುದು ಅವನ ವಾದ. ನೂರರಲ್ಲಿ ತೊಂಬತ್ತೊಂಬತ್ತು ಸಂಗತಿಗಳು ಒಬ್ಬರತ್ತ ಬೆರಳು ತೋರಿಸಿದರೂ, ನೂರನೆಯದು ಆ ವ್ಯಕ್ತಿಯಿಂದ ಆಗದ ಕೆಲಸವಾಗಿದ್ದರೆ ಇಡೀ ಕಟ್ಟಡ ಕುಸಿಯುತ್ತದೆ ಎಂಬ ಸೂತ್ರವನ್ನು ಅವನು ಹಿಡಿದಿದ್ದಾನೆ. ಇದು ನ್ಯಾಯಾಲಯದಲ್ಲಿ ಸಾಂದರ್ಭಿಕ ಸಾಕ್ಷ್ಯವನ್ನು ತೂಗುವ ರೀತಿ. ಕಥೆ ಹೇಳುವವನು ಒಬ್ಬ ತರುಣ ವಕೀಲ. ಮೊದಲ ಅಧ್ಯಾಯಗಳನ್ನು ತುಂಬಿರುವುದು ಕೊರೋನರ್, ಅಂದರೆ ಅಸಹಜ ಸಾವುಗಳ ತನಿಖಾಧಿಕಾರಿ, ನಡೆಸುವ ವಿಚಾರಣೆ. ಬೂದಿ ನೋಡಿ ಸಿಗಾರಿನ ಜಾತಿ ಹೇಳುವ ಹೋಮ್ಸ್ ನಮ್ಮನ್ನು ಬೆರಗುಗೊಳಿಸುತ್ತಾನೆ, ನಿಜ. ಗ್ರೈಸ್ ಮಾತ್ರ ನಿರಪರಾಧಿಯೊಬ್ಬಳು ಗಲ್ಲಿಗೇರದಂತೆ ನೋಡಿಕೊಳ್ಳುತ್ತಾನೆ. ಇವೆರಡರಲ್ಲಿ ಯಾವುದು ದೊಡ್ಡ ಪತ್ತೇದಾರಿಕೆ ಎಂಬ ಬಗ್ಗೆ ನನಗಂತೂ ಅನುಮಾನವಿಲ್ಲ.

ಇದಕ್ಕೆ ಬರುವ ಆಕ್ಷೇಪಗಳು ಹಗುರವಾದವಲ್ಲ. ಆಕೆ ಮೊದಲಿಗಳಲ್ಲ ಎನ್ನುತ್ತಾರೆ, ಸರಿಯೇ. ಪೋ 1841ರಲ್ಲೇ ಬರೆದ. ಅಮೆರಿಕದಲ್ಲಿಯೇ ಮೆಟಾ ವಿಕ್ಟರ್ ಎಂಬಾಕೆ ಸೀಲಿ ರೆಜೆಸ್ಟರ್ ಹೆಸರಿನಲ್ಲಿ 1860ರ ದಶಕದಲ್ಲಿ ಪತ್ತೇದಾರಿ ಕಾದಂಬರಿ ತಂದಿದ್ದಳು. ಆದರೆ ವಿಕ್ಟರಳ ಕಥೆ ಅತೀಂದ್ರಿಯ ದೃಷ್ಟಿಯ ನೆರವು ಪಡೆಯುತ್ತದೆ. ಗ್ರೀನ್‌ಗೆ ಅಂಥ ಅಡ್ಡದಾರಿ ಬೇಕಾಗಲಿಲ್ಲ. ಎರಡನೆಯ ದೂರು ಆಕೆಯ ಶೈಲಿಯದು. ಉದ್ವೇಗದ ಸಂಭಾಷಣೆ, ತ್ಯಾಗಮಯಿ ನಾಯಕಿಯರು, ಎದೆ ಹಿಡಿದುಕೊಂಡು ಕುಸಿಯುವ ಗಂಡಸರು, ಇವೆಲ್ಲ ಇಂದಿನ ಓದುಗನಿಗೆ ಭಾರವೇ. ಇನ್ನೂ ಗಟ್ಟಿಯಾದ ದೂರೊಂದಿದೆ: ಇಷ್ಟು ಸಾಕ್ಷಿ ತೂಗಿದ ಗ್ರೈಸ್ ಕೊನೆಗೆ ಅಪರಾಧಿಯನ್ನು ಹಿಡಿಯುವುದು ಪುರಾವೆಯಿಂದಲ್ಲ, ಒಂದು ಹೂಟ ಹೂಡಿ ಅವನ ಬಾಯಿಂದಲೇ ತಪ್ಪೊಪ್ಪಿಗೆ ಹೊರಡಿಸಿ. (ಯಾರೆಂದು ಹೇಳಿ ಓದುವವರ ಖುಷಿ ಕೆಡಿಸುವುದಿಲ್ಲ.) ಇದನ್ನು ನಾನು ಒಪ್ಪುತ್ತೇನೆ. ಆದರೂ ಇದರಿಂದ ಬಿದ್ದುಹೋಗುವುದು ಕೊನೆಯ ಅಂಕ ಮಾತ್ರ. ತಪ್ಪಾದ ವ್ಯಕ್ತಿಯ ಮೇಲೆ ತಪ್ಪು ಹೊರಿಸುವುದು ಎಷ್ಟು ಸುಲಭ ಎಂಬ ಪುಸ್ತಕದ ಮುಖ್ಯ ವಿಚಾರಕ್ಕೆ ಧಕ್ಕೆಯಿಲ್ಲ.

ಪಿಸ್ತೂಲು ಒರೆಸದ ಹೆಂಗಸಿನ ಬಗೆಗಿನ ಆ ಮಾತು ಪೂರ್ವಗ್ರಹವಲ್ಲವೇ ಎಂದು ಯಾರಾದರೂ ಕೇಳಿದರೆ, ಹೌದು, ಪೂರ್ವಗ್ರಹವೇ. ಅದಕ್ಕೆ ಗ್ರೀನ್ ತಾನೇ ಉತ್ತರ ಕೊಟ್ಟಳು ಎನ್ನಬಹುದು. 1897ರ 'ದಟ್ ಅಫೇರ್ ನೆಕ್ಸ್ಟ್ ಡೋರ್'ನಲ್ಲಿ ಗ್ರೈಸ್‌ಗೆ ಎದುರಾಳಿಯಾಗಿ ಬರುವವಳು ಅಮೀಲಿಯಾ ಬಟರ್‌ವರ್ತ್, ನಡುವಯಸ್ಸಿನ ಅವಿವಾಹಿತೆ. ನಡುರಾತ್ರಿ ಕಿಟಕಿಯಿಂದ ಪಕ್ಕದ ಮನೆಗೆ ಬಂದವರನ್ನು ನೋಡಿದವಳು ಆಕೆ. ಮರುದಿನ ಅಲ್ಲಿ ಹೆಣ್ಣಿನ ಹೆಣವೊಂದು ಬೀರುವಿನಡಿ ಸಿಗುತ್ತದೆ. ಅಲ್ಲಿದ್ದ ಟೋಪಿಯಲ್ಲಿ ಪಿನ್ನು ಚುಚ್ಚಿದ ಗುರುತು ನೋಡಿ ಅದನ್ನು ಒಮ್ಮೆ ಮಾತ್ರ ತೊಟ್ಟದ್ದೆಂದು ತಿಳಿಯುವುದು ಪೊಲೀಸರಿಂದ ಆಗದ ಕೆಲಸ. ಅಗಾಥಾ ಕ್ರಿಸ್ಟಿಯ ಮಿಸ್ ಮಾರ್ಪಲ್ ಹುಟ್ಟುವುದು ಇನ್ನೂ ಮೂವತ್ತು ವರ್ಷದ ನಂತರ, 1927ರಲ್ಲಿ. 1915ರಲ್ಲಿ ವಯಲೆಟ್ ಸ್ಟ್ರೇಂಜ್ ಎಂಬ ತರುಣಿ ಪತ್ತೇದಾರಳನ್ನೂ ಗ್ರೀನ್ ಸೃಷ್ಟಿಸಿದಳು. ಹಾಗೆಂದು ಆಕೆಯನ್ನು ಇಂದಿನ ಸ್ತ್ರೀವಾದದ ಪೀಠಕ್ಕೆ ಏರಿಸುವ ಆತುರವೂ ಬೇಡ. ಹೆಂಗಸರಿಗೆ ಮತದಾನದ ಹಕ್ಕು ಬೇಕಿಲ್ಲ ಎಂದವಳು ಆಕೆ. ಬರಹ ಬರೆದವರಿಗಿಂತ ಮುಂದೆ ಹೋಗುವುದು ಹೊಸತಲ್ಲ.

ಆಕೆಯ ಸಮಕಾಲೀನರಿಗೆ ಆಕೆಯ ಬೆಲೆ ಗೊತ್ತಿತ್ತು. ಅಮೆರಿಕ ಪ್ರವಾಸದಲ್ಲಿದ್ದ, ಹೋಮ್ಸ್‌ನ ಸೃಷ್ಟಿಕರ್ತ ಕಾನನ್ ಡಾಯ್ಲ್ 1894ರಲ್ಲಿ ಬಫಲೋ ನಗರದಲ್ಲಿ ಆಕೆಯನ್ನು ಭೇಟಿಯಾಗಿದ್ದ. ಬಾಲ್ಯದಲ್ಲಿ 'ಲೆವನ್‌ವರ್ತ್' ಕಥೆ ಕೇಳಿ ಬೆಳೆದ ಕ್ರಿಸ್ಟಿ, 1963ರ 'ದಿ ಕ್ಲಾಕ್ಸ್'ನಲ್ಲಿ ತನ್ನ ಪತ್ತೇದಾರ ಪಾಯ್ರೋನ ಬಾಯಲ್ಲಿ ಅದರ ಮಾತು ಆಡಿಸಿದಳು. ಗ್ರೀನ್ ಬಫಲೋದಲ್ಲೇ 1935ರಲ್ಲಿ ತೀರಿಕೊಂಡಳು. ಲೇಖಕರ ಮರಣಾನಂತರ ಅರವತ್ತು ವರ್ಷ ಎಂಬ ನಮ್ಮ ಕಾಯ್ದೆಯ ಲೆಕ್ಕದಲ್ಲಿ ಆಕೆಯ ಕೃತಿಗಳ ಮೇಲಿನ ಹಕ್ಕು ಎಂದೋ ಮುಗಿದಿದೆ. ಹೋಮ್ಸ್‌ನನ್ನು ಮತ್ತೆ ಮತ್ತೆ ಅನುವಾದಿಸುವ ನಮ್ಮ ಪ್ರಕಾಶಕರು ಒಮ್ಮೆ ಬಟರ್‌ವರ್ತ್‌ಳ ಕಿಟಕಿಯತ್ತಲೂ ನೋಡಲಿ.