ಹಿರೋಡೆಯ ಕೆರೆಯೂ ಪಾಂಡವಪುರದ ಚರಿತ್ರೆಯೂ

ಊರಿನ ಚರಿತ್ರೆಯೆಂದರೆ ಅರಸರ ವಂಶಾವಳಿ ಮತ್ತು ಯುದ್ಧಗಳ ವೃತ್ತಾಂತವೆಂದು ಭಾವಿಸುವ ರೂಢಿ ನಮ್ಮಲ್ಲಿ ಬಲವಾಗಿ ಬೇರೂರಿದೆ. ಶ್ರೀರಂಗಪಟ್ಟಣದ ನೆರೆಯಲ್ಲಿರುವ ಪಾಂಡವಪುರಕ್ಕೆ ಈ ರೂಢಿಯಿಂದ ಅನ್ಯಾಯವೇ ಆಗಿದೆ. ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದರಿಂದ ಊರಿಗೆ 'ಫ್ರೆಂಚ್ ರಾಕ್ಸ್' ಎಂಬ ಹೆಸರಾಯಿತೆಂಬುದು ಎಲ್ಲರ ಬಾಯಲ್ಲಿದೆ. ಕುಂತಿಬೆಟ್ಟದ ಪಾಂಡವರ ಐತಿಹ್ಯವೂ ಪ್ರಸಿದ್ಧವೇ. ಆದರೆ ಈ ಎರಡು ಹೆಸರುಗಳಿಗೂ ಹಿಂದಿನದಾದ ಹಿರೋಡೆಯನ್ನೂ ಅದರ ಕೆರೆಯನ್ನೂ ನೆನೆಯುವವರು ವಿರಳ.

ಈ ಸೀಮೆಯ ಬೇಸಾಯವನ್ನು ಶತಮಾನಗಳ ಕಾಲ ಸಾಕಿದ್ದು ಕೆರೆಗಳು. ಬೆಟ್ಟಗಳ ನಡುವೆ ಏರಿ ಕಟ್ಟಿ ನಿಲ್ಲಿಸಿದ ತೊಣ್ಣೂರು ಕೆರೆ ಇದಕ್ಕೆ ಇಂದಿಗೂ ಸಾಕ್ಷಿಯಾಗಿದೆ. ನೀರಗಂಟಿ ತೂಬೆತ್ತಿ ಸರದಿಯಂತೆ ಗದ್ದೆಗಳಿಗೆ ನೀರು ಬಿಡುವುದು, ಬೇಸಗೆಯಲ್ಲಿ ರೈತರು ಗೋಡುಮಣ್ಣನ್ನು ಗಾಡಿಗಳಲ್ಲಿ ಹೊಲಕ್ಕೆ ಸಾಗಿಸುವುದು, ಇವು ಊರಿನ ಅಲಿಖಿತ ಶಾಸನಗಳಾಗಿದ್ದವು.

1882ರಲ್ಲಿ ಬೆಂಗಳೂರಿನ ರೈಲು ಮೈಸೂರನ್ನು ಮುಟ್ಟಿತು. ನಿಲ್ದಾಣವು ಊರಿಗೆ ದೂರವಾದುದರಿಂದ ಎತ್ತಿನಗಾಡಿಯ ಕಾಯಕ ನಿಲ್ಲಲಿಲ್ಲ. ನಾಗಮಂಗಲ, ಕೃಷ್ಣರಾಜಪೇಟೆಗಳ ದಾರಿಗಳು ಕೂಡುವ ಊರಾಗಿ ಪಾಂಡವಪುರ ಬೆಳೆಯಿತು. ಕನ್ನಂಬಾಡಿ ಕಟ್ಟೆಯ ನಾಲೆಯಿಂದ ಕಬ್ಬು ಬಂದಿತು. 1950ರ ದಶಕದಲ್ಲಿ ಸ್ಥಾಪಿತವಾದ ಸಹಕಾರಿ ಸಕ್ಕರೆ ಕಾರ್ಖಾನೆಯಿಂದ ಕಬ್ಬಿನ ಗಾಡಿಗಳ ಸಾಲು ಬಂದಿತು. ಈ ಅಭ್ಯುದಯವನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು.

ಆದರೆ ನಾಲೆಯ ನೀರಿನೊಡನೆ ಒಂದು ಮರೆವೂ ಹರಿದುಬಂದಿತು. ನಾಲೆ ಸರ್ಕಾರದ್ದು, ಕೆರೆ ಊರಿನದು. ನೀರಿನ ಹೊಣೆ ಕಚೇರಿಗೆ ಸಂದಂತೆ ಊರಿನವರ ಹೊಣೆ ಸಡಿಲಿತು. ನಾಲೆಯಿರುವಾಗ ಕೆರೆಯೇಕೆ ಎಂದು ಕೇಳುವವರಿದ್ದಾರೆ. ಕನ್ನಂಬಾಡಿ ತುಂಬುವುದು ಮುಖ್ಯವಾಗಿ ಕೊಡಗಿನ ಮತ್ತು ಮಲೆನಾಡಿನ ಮಳೆಯಿಂದ. ಕೆರೆ ತುಂಬುವುದು ಊರಿನ ಮೇಲೆ ಸುರಿದ ಮಳೆಯಿಂದ. 2023ರಲ್ಲಿ ಮುಂಗಾರು ಕೈಕೊಟ್ಟು ಕಟ್ಟೆ ತುಂಬದೆ ಹೋದುದನ್ನು ನಾಲಾ ಬಯಲಿನ ರೈತ ಮರೆತಿಲ್ಲ. ಒಂದೇ ಮೂಲವನ್ನು ನಂಬುವುದಕ್ಕಿಂತ ಎರಡನ್ನೂ ಕಾಯ್ದುಕೊಳ್ಳುವುದು ವಿವೇಕ. ನಾಲೆಯ ನೀರು ಮುಟ್ಟದ ನಾಗಮಂಗಲದ ಹಳ್ಳಿಗಳಿಗಂತೂ ಈ ಮಾತನ್ನು ವಿವರಿಸಬೇಕಾಗಿಲ್ಲ.

ಆದಕಾರಣ ಸ್ಥಳೀಯ ಚರಿತ್ರೆಯ ಪಾಠವು ಕೋಟೆಯಿಂದಲ್ಲ, ಕೆರೆಯ ಏರಿಯಿಂದ ಆರಂಭವಾಗುವುದು ಉಚಿತ. ಅಧ್ಯಾಪಕರು ವಿದ್ಯಾರ್ಥಿಗಳೊಡನೆ ನಡೆದು ತೂಬು, ಕೋಡಿ, ರಾಜಕಾಲುವೆಗಳ ನಕ್ಷೆಯನ್ನು ಬರೆಸಲಿ. ನೀರಿನ ಸರದಿಯನ್ನು ಬಲ್ಲ ಹಿರಿಯರ ಮಾತನ್ನು, ಅವರು ಇರುವಾಗಲೇ ಬರೆದಿಡಿಸಲಿ. ಹಳೆಯ ವಿದ್ಯಾರ್ಥಿಗಳು ಮನೆಯ ಪೆಟ್ಟಿಗೆಗಳಲ್ಲಿರುವ ಕಂದಾಯದ ರಸೀದಿ, ಗಾಡಿ ಬಾಡಿಗೆಯ ಲೆಕ್ಕಗಳನ್ನು ಒದಗಿಸಲಿ. ದಾನಿಗಳು ಹೊಸ ಕಟ್ಟಡಕ್ಕೆ ನೀಡುವುದರಲ್ಲಿ ಅಲ್ಪಾಂಶವನ್ನು ಇವುಗಳ ಮುದ್ರಣಕ್ಕೂ ಮೀಸಲಿಡಲಿ.

ಇದು ಕೇವಲ ಗತವೈಭವದ ಸ್ಮರಣೆಯಲ್ಲ. ಕಾಲುವೆಯೊಂದು ಒತ್ತುವರಿಯಾದ ದಿನ, ಅದು ಇಲ್ಲಿ ಹರಿಯುತ್ತಿತ್ತೆಂದು ಸಾಕ್ಷಿ ನುಡಿಯಲು ಬರೆದಿಟ್ಟ ಪುಟವೊಂದು ಬೇಕಾಗುತ್ತದೆ. ಆ ಪುಟವನ್ನು ಬರೆಯುವ ಹೊಣೆ ಶಾಲೆಯದು.