ಪಾಚಿ ಡೀಸೆಲ್: ಮೊದಲು ಲೆಕ್ಕ ಹಾಕೋಣ್ರಿ

ಮಿನಿ ಪ್ರಾಜೆಕ್ಟ್‌ಗೆ ವಿಷಯ ಹುಡುಕುವಾಗ ಪ್ರತಿ ಬ್ಯಾಚ್‌ನಲ್ಲೂ ಯಾರಾದರೊಬ್ಬರು ‘ಪಾಚಿಯಿಂದ ಬಯೋಡೀಸೆಲ್’ ಅಂದೇ ಅಂತಾರೆ. ವಿಷಯ ಚಲೋ ಐತಿ. ಪಾಚಿಗೆ ಫಲವತ್ತಾದ ಹೊಲ ಬೇಕಿಲ್ಲ. ಕೆಲವು ಜಾತಿಗಳು ಒಂದೇ ದಿನದಲ್ಲಿ ದುಪ್ಪಟ್ಟಾಗುತ್ತವೆ, ಮೈಯಲ್ಲಿ ಎಣ್ಣೆ ತುಂಬಿಕೊಳ್ಳುತ್ತವೆ. ಹೊಂಗೆ ಮರ ಕಾಯಿ ಬಿಡೋಕೆ ವರ್ಷಗಟ್ಟಲೆ ಕಾಯಬೇಕು, ಇದಕ್ಕೆ ವಾರಗಳು ಸಾಕು.

ಹಾಗಾದರೆ ಪೆಟ್ರೋಲ್ ಬಂಕ್‌ನಲ್ಲಿ ಯಾಕೆ ಸಿಗುತ್ತಿಲ್ಲ? ಉತ್ತರ ನಮ್ಮ ಥರ್ಮೋಡೈನಾಮಿಕ್ಸ್ ಪುಸ್ತಕದಲ್ಲೇ ಇದೆ.

ತೆರೆದ ಕೊಳದ ಒಂದು ಲೀಟರ್ ನೀರಲ್ಲಿ ಸಿಗೋ ಒಣ ಪಾಚಿ ಹೆಚ್ಚೆಂದರೆ 1 ಗ್ರಾಂ ಆಸುಪಾಸು. 1 ಕೆಜಿ ಬೇಕಂದ್ರೆ 1,000 ಲೀಟರ್ ನೀರು ಸೋಸಬೇಕು. ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿದ ಮೇಲೂ ಅದರ ಜೊತೆ ಸುಮಾರು 4 ಕೆಜಿ ನೀರು ಉಳಿಯುತ್ತೆ. ಆ ನೀರನ್ನು ಆವಿ ಮಾಡಲು ಕೆಜಿಗೆ ಸುಮಾರು 2.6 ಮೆಗಾಜೂಲ್‌ನಂತೆ 10 ಮೆಗಾಜೂಲ್ ಬೇಕು. ಪಾಚಿಯ ಕಾಲು ಭಾಗ ಎಣ್ಣೆ ಅಂತ ಹಿಡಿದರೂ ಅದರಿಂದ ಬರೋದು ಸುಮಾರು 9 ಮೆಗಾಜೂಲ್. ಗಳಿಕೆಗಿಂತ ಖರ್ಚೇ ಜಾಸ್ತಿ! ಬ್ಯಾಡಗಿ ಮೆಣಸಿನಕಾಯಿ ಥರ ಬಿಸಿಲಿಗೆ ಹರಡಬಹುದು, ಆದರೆ ಧಾರವಾಡದ ಜುಲೈ ಮಳೆಯಲ್ಲಿ ಏನು ಮಾಡೋಣ?

2009ರಲ್ಲಿ ಪಾಚಿ ಇಂಧನಕ್ಕೆ ಕೈಹಾಕಿದ ಎಕ್ಸಾನ್‌ಮೊಬಿಲ್‌ನಂಥ ದೊಡ್ಡ ಕಂಪನಿಯೂ 2023ರ ಹೊತ್ತಿಗೆ ಹಿಂದೆ ಸರಿಯಿತು. ಅದೇ 2009ರಲ್ಲಿ ಬೆಂಗಳೂರಿನ ಐಐಎಸ್‌ಸಿಯ ಟಿ. ವಿ. ರಾಮಚಂದ್ರ ಮತ್ತು ಸಂಗಡಿಗರು ಬೇರೆ ದಾರಿ ಸೂಚಿಸಿದ್ದರು: ಡಯಾಟಮ್ ಅನ್ನೋ ಪಾಚಿಯನ್ನು ಕೊಂದು ಹಿಂಡುವ ಬದಲು, ಆಕಳ ಹಾಲು ಹಿಂಡಿದಂತೆ ಎಣ್ಣೆ ಮಾತ್ರ ತೆಗೆಯೋದು. ಆಸೆ ಹುಟ್ಟಿಸೋ ವಿಚಾರ, ಆದರೆ ಅದಿನ್ನೂ ಬಂಕ್‌ವರೆಗೆ ಬಂದಿಲ್ಲ.

ಅಲ್ಲಿವರೆಗೆ ನಾವು ಡೀಸೆಲ್ ಬಿಟ್ಟು ಚರಂಡಿ ನೀರಿನಿಂದ ಶುರು ಮಾಡಬೇಕು ಅನ್ನೋದು ನನ್ನ ವಾದ. ನಲ್ಲಿ ನೀರಿಗೆ ದಿನಗಟ್ಟಲೆ ಕಾಯೋ ಓಣಿಗಳಿರೋ ಊರಲ್ಲಿ ಒಳ್ಳೆ ನೀರು ಪಾಚಿಗೆ ಕೊಡೋದು ನ್ಯಾಯ ಅಲ್ಲ. ಚರಂಡಿ ನೀರಿಗೆ ಮಾತ್ರ ಬರ ಇಲ್ಲ. ಉಣಕಲ್ ಕೆರೆ ಮೇಲೆ ಅಂತರಗಂಗೆ ಹಬ್ಬಿಸೋ ನೈಟ್ರೋಜನ್, ಫಾಸ್ಫರಸ್ಸೇ ಪಾಚಿಗೂ ಊಟ. ಕೆರೆ ಸೇರೋ ಮೊದಲೇ ಆ ನೀರನ್ನು ಪಾಚಿ ಕೊಳಗಳಲ್ಲಿ ಹಾಯಿಸಿ, ಬೆಳೆದ ಪಾಚಿಯನ್ನು ಒಣಗಿಸದೆ ಹಸಿಯಾಗೇ ಬಯೋಗ್ಯಾಸ್ ಟ್ಯಾಂಕಿಗೆ ಹಾಕಬಹುದು. ನೀರು ಸ್ವಚ್ಛ ಆಗೋದೇ ಮೊದಲ ಲಾಭ, ಗ್ಯಾಸ್ ಮೇಲಿನ ಲಾಭ.

ಕೊಳಕ್ಕೆ ಜಾಗ ಬೇಕು, ಸೋಸೋ ಕೆಲಸ ಇಲ್ಲೂ ತಪ್ಪಲ್ಲ, ನಿಜ. ಸಿವಿಲ್, ಮೆಕ್ಯಾನಿಕಲ್, ಕೆಮಿಕಲ್‌ನವರು ಕೂಡಿ ತಲೆ ಓಡಿಸಬೇಕಾದದ್ದು ಅಲ್ಲೇ. ಮುಂದಿನ ರಿಪೋರ್ಟ್‌ನಲ್ಲಿ ಎಣ್ಣೆ ಎಷ್ಟು ಬಂತು ಅನ್ನೋದರ ಪಕ್ಕದಲ್ಲೇ ಕರೆಂಟ್ ಎಷ್ಟು ಹೋಯ್ತು ಅಂತಲೂ ಬರೀರಿ.