ಎರಡು ಮಳೆಗಾಲ ಕಳೆಯಲಿ

"ಒಂದು ಗಂಟೇಲಿ ಒಂದೂ ಮುಕ್ಕಾಲು ಲಕ್ಷ ಜನ ಬುಕ್ ಮಾಡಿದಾರೆ ಅಂದ್ಮೇಲೆ ಗಾಡಿ ಚೆನ್ನಾಗಿಲ್ದೆ ಇರುತ್ತಾ ಅಣ್ಣ?" ಆನೇಮಹಲ್‌ನ ಬೆಳೆಗಾರರೊಬ್ಬರು ಕೇಳಿದ ಈ ಪ್ರಶ್ನೆ ಆಗ ಎಲ್ಲರ ಬಾಯಲ್ಲೂ ಇತ್ತು. ಅವರು ಹೇಳಿದ್ದು ಥಾರ್ ರಾಕ್ಸ್ ಬಗ್ಗೆ. 2024ರ ಅಕ್ಟೋಬರ್ 3ರಂದು ಮೊದಲ ಗಂಟೆಯಲ್ಲೇ 1.76 ಲಕ್ಷ ಬುಕಿಂಗ್ ಆಯಿತು, ನಿಜ. ಆದರೆ ಅವತ್ತಿಗೆ ಡೆಲಿವರಿಯೇ ಶುರುವಾಗಿರಲಿಲ್ಲ. ಅಷ್ಟು ಬುಕಿಂಗ್ ಜನರ ಆಸೆಗೆ ಸಾಕ್ಷಿ, ಗಾಡಿಯ ಬಾಳಿಕೆಗಲ್ಲ. ಆ ಗಾಡಿ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಒಳ್ಳೆಯದೆನ್ನಲು ಅವತ್ತು ಯಾರ ಬಳಿಯೂ ಆಧಾರವಿರಲಿಲ್ಲ ಎನ್ನುತ್ತಿದ್ದೇನೆ. ನಮ್ಮ ಸಕಲೇಶಪುರ, ಆಲೂರು ಸೀಮೆಯವರು ಹೊಸ ಮಾಡೆಲ್ ಬಂದ ಮೇಲೆ ಎರಡು ಮಳೆಗಾಲ ಕಾಯಬೇಕು. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಗುಣಮಟ್ಟ ಬೇರೆ, ಬಾಳಿಕೆ ಬೇರೆ. ಬಾಗಿಲಿನ ಸಂದು, ಬಣ್ಣ, ಸೀಟಿನ ಹೊಲಿಗೆ ಶೋರೂಮಿನಲ್ಲೇ ಕಾಣುತ್ತವೆ. ಡಿಕ್ಕಿಯಾದಾಗ ಒಳಗಿದ್ದವರಿಗೆ ಎಷ್ಟು ರಕ್ಷಣೆ ಎಂಬುದನ್ನು 2023ರ ಅಕ್ಟೋಬರ್‌ನಲ್ಲಿ ಶುರುವಾದ ಭಾರತ್ ಎನ್‌ಕ್ಯಾಪ್ ಅಳೆದು ಹೇಳುತ್ತದೆ. ಮೂರನೇ ವರ್ಷ ವೈರಿಂಗ್ ಹೇಗಿದ್ದೀತು ಎಂಬುದನ್ನು ಕಾಲವೇ ಹೇಳಬೇಕು. ಎಕ್ಸ್‌ಯುವಿ700 ಬಂದದ್ದು 2021ರಲ್ಲಿ. ಎಂಜಿನ್ ಭಾಗದ ವೈರಿಂಗ್ ಉಜ್ಜಿ ಹಾಳಾಗಬಹುದೆಂದು 1,08,306 ಗಾಡಿಗಳನ್ನು ತಪಾಸಣೆಗೆ ಕರೆದದ್ದು 2023ರ ಆಗಸ್ಟ್‌ನಲ್ಲಿ. ನಮ್ಮ ಬಿಡದಿಯಲ್ಲೇ ತಯಾರಾಗುವ ಗ್ರ್ಯಾಂಡ್ ವಿಟಾರಾದ ಮೊದಲ ತಿಂಗಳುಗಳ 11,177 ಗಾಡಿಗಳನ್ನು ಹಿಂದಿನ ಸೀಟ್ ಬೆಲ್ಟಿನ ಬ್ರ್ಯಾಕೆಟ್‌ಗಾಗಿ ವಾಪಸ್ ಕರೆಯಬೇಕಾಯಿತು. ತಪ್ಪನ್ನು ಮುಚ್ಚಿಡದೆ ಕರೆದು ಸರಿಮಾಡಿಕೊಟ್ಟದ್ದು ಒಳ್ಳೆಯದೇ. ಆದರೆ ಮೊದಲು ಕೊಂಡವರು ಅಷ್ಟು ದಿನ ಆ ಅಪಾಯದ ಜತೆಗೇ ಓಡಾಡಿದರು.

ನಮ್ಮ ಕಡೆ ಈ ಮಾತಿಗೆ ಇನ್ನೂ ತೂಕ ಜಾಸ್ತಿ. ಟೆಸ್ಟ್ ಡ್ರೈವ್ ನಡೆಯುವುದು ಹಾಸನದ ಸಮತಟ್ಟು ರಸ್ತೆಯಲ್ಲಿ. ಗಾಡಿ ಬದುಕಬೇಕಾದದ್ದು ಶಿರಾಡಿ ಘಾಟಿಯಲ್ಲಿ, ತೋಟದ ರಸ್ತೆಯಲ್ಲಿ. ಗುಂಡ್ಯದಿಂದ ಮಾರನಹಳ್ಳಿ ಕಡೆ ಹತ್ತುವಾಗ ಮುಂದೆ ಗ್ಯಾಸ್ ಟ್ಯಾಂಕರ್ ಸಿಕ್ಕಿತೆನ್ನಿ. ಹಿಂದಿನ ಕಾರು ನಡಿಗೆಯ ವೇಗದಲ್ಲೇ ಏರಬೇಕು. ಅಷ್ಟು ನಿಧಾನದಲ್ಲಿ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸಿನ ಕ್ಲಚ್ ಪೂರ್ತಿ ಹಿಡಿಯದೆ ಜಾರುತ್ತಲೇ ಇರುತ್ತದೆ, ಜಾರಿದಷ್ಟೂ ಬಿಸಿ. ಕ್ಲಚ್ ಎಣ್ಣೆಯಲ್ಲಿದ್ದರೆ ಆ ಬಿಸಿಯನ್ನು ಎಣ್ಣೆ ಹೊತ್ತೊಯ್ಯುತ್ತದೆ. ಒಣ ಕ್ಲಚ್ಚಿಗೆ ಆ ಅನುಕೂಲವಿಲ್ಲ. ಎದುರಿಗೆ ಎಚ್ಚರಿಕೆಯ ದೀಪ, ಪಕ್ಕದಲ್ಲಿ ಲಾರಿ, ರಸ್ತೆಯಂಚಿಗೆ ಪ್ರಪಾತ. ಇಳಿಯುವಾಗ ಗೇರಿನಲ್ಲಿ ಗಾಡಿ ಎಷ್ಟು ಹಿಡಿದು ನಿಲ್ಲುತ್ತದೆ, ಬ್ರೇಕ್ ಎಷ್ಟು ತಿರುವಿಗೆ ಕಾದು ಸೋಲುತ್ತದೆ ಎಂಬುದೂ ಘಾಟಿಯಲ್ಲೇ ಗೊತ್ತಾಗಬೇಕು.

ಇನ್ನು ಮಳೆ. ಮೊದಲ ಮಳೆಗಾಲದಲ್ಲಿ ನೀರು ಎಲ್ಲಿ ಒಳಗೆ ಬರುತ್ತದೆಂದು ತಿಳಿಯುತ್ತದೆ. ಹಾಗೆ ಬಂದ ನೀರು ಏನು ಕೆಡಿಸಿತೆಂದು ತಿಳಿಯುವುದು ಎರಡನೆಯದರಲ್ಲಿ: ಕನೆಕ್ಟರ್ ಪಿನ್ನಿನಲ್ಲಿ ಹಸಿರು ಕಿಲುಬು, ಸೀಟ್ ಬೆಲ್ಟಿನ ಮೇಲೆ ಬೂಷ್ಟು, ಕೆಸರು ಹೊಕ್ಕ ಬೇರಿಂಗಿನ ಗೊರಗೊರ. ಎರಡು ಮಳೆಗಾಲ ಎಂದದ್ದು ಇದಕ್ಕೇ.

ಇದಕ್ಕೆ ಎದುರಾಗಿ ಗಟ್ಟಿಯಾದ ಒಂದು ವಾದವಿದೆ. ಹೊಸ ಕಾರು ಜೀವ ಉಳಿಸುತ್ತದೆ. 2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷಿಸಿದ ಏರ್‌ಬ್ಯಾಗ್ ಇಲ್ಲದ ಆಲ್ಟೊ 800, ಐ10, ಫಿಗೊ, ಪೋಲೊ, ನ್ಯಾನೊಗಳಿಗೆ ದೊಡ್ಡವರ ರಕ್ಷಣೆಯಲ್ಲಿ ಸಿಕ್ಕದ್ದು ಸೊನ್ನೆ. ಅದೇ ಸಂಸ್ಥೆಯಿಂದ 2024ರ ಡಿಜೈರ್ ಐದು ಸ್ಟಾರ್ ಪಡೆಯಿತು. ಅಂಥ ಹಳೆಯ ಗಾಡಿಯಲ್ಲೇ ಎರಡು ವರ್ಷ ಘಾಟಿ ಇಳಿಯಿರಿ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಆದರೆ ಹಾಗೆ ಕಾಯಲೇಬೇಕೆಂದೇನಿಲ್ಲ. ನೆಕ್ಸಾನ್ 2018ರಲ್ಲೇ ಐದು ಸ್ಟಾರ್ ಪಡೆದಿತ್ತು. ಸ್ಟಾರೂ ಇದ್ದು, ರಸ್ತೆಯಲ್ಲಿ ಮೂರ್ನಾಲ್ಕು ವರ್ಷ ಓಡಿಯೂ ಇರುವ ಮಾದರಿಗಳಿಗೆ ಇವತ್ತು ಬರವಿಲ್ಲ. ಹೊಸದೇ ಬೇಕೆಂದರೆ ಅದರಲ್ಲಿ ಯಾವುದು ಹೊಸದು ಎಂದು ಕೇಳಿ. ಥಾರ್ ರಾಕ್ಸ್‌ನ 2.2 ಲೀಟರ್ ಡೀಸೆಲ್ ಎಂಜಿನ್ ವಂಶ ಸ್ಕಾರ್ಪಿಯೊ-ಎನ್‌ನಲ್ಲಿ ಅದಾಗಲೇ ಓಡುತ್ತಿತ್ತು. ಪಳಗಿದ ಎಂಜಿನ್ ಹೊಸ ಬಾಡಿಯಲ್ಲಿ ಬಂದರೆ ಅಪಾಯ ಕಡಿಮೆ. ಎಂಜಿನ್, ಗೇರ್‌ಬಾಕ್ಸ್, ಎಲೆಕ್ಟ್ರಾನಿಕ್ಸ್ ಮೂರೂ ಹೊಸದಾದರೆ ಹೆಚ್ಚು.

ಎಲ್ಲರೂ ಕಾದರೆ ಮೊದಲು ಕೊಳ್ಳುವವರು ಯಾರು ಎಂಬುದೂ ನ್ಯಾಯವಾದ ಪ್ರಶ್ನೆ. ಮನೆಯ ಹತ್ತಿರವೇ ಸರ್ವಿಸ್ ಸ್ಟೇಷನ್ ಇರುವ ಬೆಂಗಳೂರಿನವರು ಕೊಳ್ಳಲಿ; ಮೊದಲ ವರ್ಷದ ಗಾಡಿಗಳಿಗೆ ಕಂಪನಿ ಹೆಚ್ಚಿನ ವಾರಂಟಿ ಕೊಡಲಿ. ಬಿಡುಗಡೆಗೆ ಮುನ್ನ ಅರ್ಧ ದಿನ ಓಡಿಸಿ ತೀರ್ಪು ಕೊಡುವ ಯೂಟ್ಯೂಬ್ ವಿಮರ್ಶಕರನ್ನು ನಂಬಿ ಹತ್ತಿಪ್ಪತ್ತು ಲಕ್ಷ ಸುರಿಯುವುದು ಅವಿವೇಕ.

ನನಗೆ ನಿಜಕ್ಕೂ ಸಿಟ್ಟು ತರಿಸುವುದು ರೀಕಾಲ್ ನಿಯಮ. 2021ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಅದರ ಪ್ರಕಾರ, ವರ್ಷಕ್ಕೆ 10,000ಕ್ಕಿಂತ ಹೆಚ್ಚು ಮಾರಾಟವಾಗುವ ಕಾರನ್ನು ಕಡ್ಡಾಯವಾಗಿ ಹಿಂದಕ್ಕೆ ಕರೆಸುವ ಕ್ರಮಕ್ಕೆ 1,250 ದೂರುಗಳು ಬೇಕು. ಘಾಟಿ, ಮಳೆಯಲ್ಲಷ್ಟೇ ಹೊರಬೀಳುವ ದೋಷಕ್ಕೆ ಅಷ್ಟು ದೂರು ಎಲ್ಲಿಂದ ತರುವುದು? ಮಲೆನಾಡಿನಲ್ಲಿ ಗಾಡಿಗಳೇ ಕಡಿಮೆ. ಇರುವವರೂ ಗ್ಯಾರೇಜಿನಲ್ಲಿ ಬಾಯಲ್ಲಿ ಹೇಳಿ ಸುಮ್ಮನಾಗುತ್ತಾರೆ. ಸುಮ್ಮನಾಗಬಾರದು. ತೊಂದರೆಯನ್ನು ಪ್ರತಿಸಲವೂ ಜಾಬ್ ಕಾರ್ಡಿನಲ್ಲಿ ಬರೆಸಬೇಕು, ಸಾರಿಗೆ ಸಚಿವಾಲಯದ ಪೋರ್ಟಲ್‌ಗೆ ದೂರು ಕೊಡಬೇಕು, ಆಗಲೂ ಕೇಳದಿದ್ದರೆ ಹಾಸನದ ಗ್ರಾಹಕರ ಆಯೋಗದ ಮೆಟ್ಟಿಲು ಹತ್ತಬೇಕು. ಕಾಯುವುದು ನಮ್ಮ ಹಣ ಉಳಿಸೀತು. ಬರೆದಿಟ್ಟ ದೂರು ಮಾತ್ರ ಮುಂದಿನ ಗಾಡಿಯನ್ನು ಸುಧಾರಿಸೀತು.